ರೀಡ್ ಸ್ವಿಚ್ ಪಲ್ಸ್ ಮೋಟರ್: ಕೈಯಾರೆ ಕಟ್ಟಿದ ಲೆಕ್ಕ

ಸಾಮಾನ್ಯ ಮೋಟರಿನಲ್ಲಿ ತಿರುಗುವ ಭಾಗಕ್ಕೆ ಕರೆಂಟ್ ಮುಟ್ಟಿಸುವ ಬ್ರಷ್, ಕಮ್ಯುಟೇಟರ್ ಎರಡೂ ಪಲ್ಸ್ ಮೋಟರಿನಲ್ಲಿಲ್ಲ. ತಿರುಗುವ ಚಕ್ರದ ಅಂಚಿನಲ್ಲಿ ನಾಲ್ಕು ಮ್ಯಾಗ್ನೆಟ್, ಪಕ್ಕದಲ್ಲಿ ಅಲುಗಾಡದ ಒಂದು ಕಾಯಿಲ್, ಅದಕ್ಕೆ ಹೊತ್ತಿಗೆ ಸರಿಯಾಗಿ ಕರೆಂಟ್ ಕೊಟ್ಟು ತೆಗೆಯುವ ಒಂದು ರೀಡ್ ಸ್ವಿಚ್. ರೀಡ್ ಎಂದರೆ ಗಾಜಿನ ಕೊಳವೆಯೊಳಗಿನ ಎರಡು ಲೋಹದ ಎಲೆ: ಮ್ಯಾಗ್ನೆಟ್ ಹತ್ತಿರ ಬಂದರೆ ಕೂಡಿ ಮುಚ್ಚುತ್ತವೆ, ಕರೆಂಟ್ ಹರಿಯುತ್ತದೆ; ದೂರ ಹೋದರೆ ತೆರೆದುಕೊಳ್ಳುತ್ತವೆ. ಚಕ್ರ ಮತ್ತು ಕಾಯಿಲ್ ಸ್ವಲ್ಪ ಒರಟಾಗಿದ್ದರೂ ಓಡುತ್ತದೆ. ರೀಡ್ ಕೂರುವ ಜಾಗ ತಪ್ಪಿದರೆ ಮಾತ್ರ ಏನೇ ಮಾಡಿದರೂ ಓಡುವುದಿಲ್ಲ.

ಚಕ್ರಕ್ಕೆ 18 ಮಿ.ಮೀ. ಪ್ಲೈವುಡ್, 10 ಸೆಂ.ಮೀ. ವ್ಯಾಸ. ನಡುವೆ 22 ಮಿ.ಮೀ. ತೂತು ಕೊರೆದು 608 ಬೇರಿಂಗ್ ಎರಡು ಕೂರಿಸಿದೆ, ಅಚ್ಚಿಗೆ 8 ಮಿ.ಮೀ. ಬೋಲ್ಟ್. ಒಂದೇ ಬೇರಿಂಗ್ ಹಾಕಿದರೆ ಚಕ್ರ ಓಲಾಡುತ್ತದೆ. ಹೊಸ ಬೇರಿಂಗಿನ ಗ್ರೀಸ್ ಇಷ್ಟು ಸಣ್ಣ ಮೋಟರಿಗೆ ಭಾರಿ ಹೊರೆ. ಪಕ್ಕದ ಮುಚ್ಚಳ ಕಿತ್ತು, ಬಯಲಲ್ಲಿ ಪೆಟ್ರೋಲಿನಲ್ಲಿ ತೊಳೆದು, ಒಣಗಿಸಿ, ಹೊಲಿಗೆ ಯಂತ್ರದ ಎಣ್ಣೆ ಒಂದೊಂದು ಹನಿ ಬಿಡಬೇಕು. ಬೆರಳಿಂದ ತಿರುಗಿಸಿ ಬಿಟ್ಟರೆ ಚಕ್ರ ಅರ್ಧ ನಿಮಿಷವಾದರೂ ಸುತ್ತಬೇಕು.

ಮ್ಯಾಗ್ನೆಟ್ 10 ಮಿ.ಮೀ. ವ್ಯಾಸ, 5 ಮಿ.ಮೀ. ದಪ್ಪದ ನಿಯೋಡಿಮಿಯಮ್ ಬಿಲ್ಲೆಗಳು. ಚಕ್ರದ ಸುತ್ತಳತೆಯಷ್ಟು ಉದ್ದದ ಕಾಗದದ ಪಟ್ಟಿ ಕತ್ತರಿಸಿ, ಎರಡು ಸಲ ಮಡಚಿ, ಬಿಡಿಸಿ ಅಂಚಿಗೆ ಸುತ್ತಿದರೆ ನಾಲ್ಕು ಜಾಗಗಳ ಗುರುತು ಸಿಗುತ್ತದೆ, ಕೋನಮಾಪಕ ಬೇಡ. 6 ಮಿ.ಮೀ. ಆಳ ಕೊರೆದು ಎಪಾಕ್ಸಿಯಲ್ಲಿ ಕೂರಿಸಿ. ನಾಲ್ಕರದ್ದೂ ಒಂದೇ ಧ್ರುವ ಹೊರಕ್ಕೆ ಬರಬೇಕು. ಮೊದಲೇ ನಾಲ್ಕನ್ನೂ ಒಂದರ ಮೇಲೊಂದು ಅಂಟಿಸಿ, ಮೇಲಿನ ಮುಖಕ್ಕೆ ಮಾರ್ಕರ್ ಚುಕ್ಕಿ ಹಾಕುತ್ತ ಒಂದೊಂದಾಗಿ ಬಿಡಿಸಿಕೊಂಡರೆ ಗೊಂದಲವಿಲ್ಲ. ಕ್ಷಣದಲ್ಲಿ ಹಿಡಿಯುವ ಗೋಂದು ನಿಕ್ಕಲ್ ಲೇಪದ ಮೇಲೆ ಗಟ್ಟಿಯಾಗಿ ನಿಲ್ಲುವುದಿಲ್ಲ. ಮೂರು ಗ್ರಾಮಿನ ಬಿಲ್ಲೆ 1500 ಆರ್‌ಪಿಎಂನಲ್ಲಿ (ನಿಮಿಷಕ್ಕೆ 1500 ಸುತ್ತು) ಸುಮಾರು 350 ಗ್ರಾಂ ಭಾರದಷ್ಟು ಹೊರಕ್ಕೆ ಎಳೆಯುತ್ತದೆ, ವೇಗ ಇಮ್ಮಡಿಯಾದರೆ ಎಳೆತ ನಾಲ್ಕು ಪಟ್ಟು. ಆದ್ದರಿಂದ ಅಂಚಿನ ಸುತ್ತ ನಾರಿನ ಟೇಪ್ ಎರಡು ಸುತ್ತು, ಓಡಿಸುವಾಗ ಕಣ್ಣಿಗೆ ಕನ್ನಡಕ.

ಕಾಯಿಲಿಗೆ 34 ಗೇಜ್ ಎನಾಮಲ್ ತಂತಿ (ಕರೆಂಟ್ ದಾಟದ ಲೇಪವಿರುವ ತಾಮ್ರದ ತಂತಿ), 500 ಸುತ್ತು. ಮೋಟರ್ ರಿವೈಂಡಿಂಗ್ ಅಂಗಡಿಗಳಲ್ಲಿ, ಬೆಂಗಳೂರಾದರೆ ಎಸ್.ಪಿ. ರಸ್ತೆಯಲ್ಲಿ, ತೂಕದ ಮೇಲೆ ಸಿಗುತ್ತದೆ. ಬೇಕಾಗುವುದು 15 ಗ್ರಾಂ ಆಸುಪಾಸು, 50 ಗ್ರಾಂ ತಂದರೆ ಮೂರು ಕಾಯಿಲ್ ಆಗುತ್ತದೆ. 20 ಮಿ.ಮೀ. ಪಿವಿಸಿ ಪೈಪಿನ 12 ಮಿ.ಮೀ. ತುಂಡಿಗೆ ಎರಡೂ ಕಡೆ ರಟ್ಟಿನ ಬಿಲ್ಲೆ ಅಂಟಿಸಿದರೆ ಬಾಬಿನ್ ಸಿದ್ಧ. ಸುತ್ತಿದ ಮೇಲೆ ತಂತಿಯ ತುದಿಗಳನ್ನು ಮರಳುಕಾಗದದಲ್ಲಿ ಉಜ್ಜಿ ಎನಾಮಲ್ ಪೂರ್ತಿ ತೆಗೆದು ಮೀಟರ್ ಹಿಡಿಯಿರಿ: 15ರಿಂದ 16 ಓಮ್ ಬರಬೇಕು. ಈ ಅಂಕಿ ಸುಮ್ಮನೆ ಆರಿಸಿದ್ದಲ್ಲ. ಸಾಮಾನ್ಯ 14 ಮಿ.ಮೀ. ಗಾಜಿನ ರೀಡ್ ತಡೆಯುವುದು ಅರ್ಧ ಆಂಪಿಯರ್. 6 ವೋಲ್ಟಿಗೆ 15.7 ಓಮ್ ಎಂದರೆ 0.38 ಆಂಪಿಯರ್. ಅದೇ ಸುತ್ತುಗಳನ್ನು ದಪ್ಪನೆಯ 28 ಗೇಜಿನಲ್ಲಿ ಸುತ್ತಿದರೆ ಕರೆಂಟ್ ಒಂದು ಆಂಪಿಯರಿನ ಹತ್ತಿರ ಹೋಗಿ ರೀಡಿನ ಎಲೆಗಳು ಬೆಸೆದುಕೊಳ್ಳಬಹುದು. ಕಾಯಿಲಿನೊಳಗೆ ಕಬ್ಬಿಣದ ಬೋಲ್ಟ್ ತೂರಿಸಬೇಡಿ. ಮ್ಯಾಗ್ನೆಟ್ ಅದಕ್ಕೆ ಅಂಟಿ ಚಕ್ರ ಕುಕ್ಕುತ್ತದೆ. ಅಂಚಿಗೂ ಕಾಯಿಲಿಗೂ ನಡುವೆ 2ರಿಂದ 3 ಮಿ.ಮೀ. ಸಾಕು. ಸ್ಟ್ಯಾಂಡಿನ ಮೊಳೆಗಳೂ ಮ್ಯಾಗ್ನೆಟ್ ಹಾದಿಯಿಂದ ದೂರವಿರಲಿ.

ಇನ್ನು ರೀಡ್. ಮ್ಯಾಗ್ನೆಟ್ ಕಾಯಿಲಿನ ನಡುಗೆರೆಗೆ ಬಂದಾಗ ತಿರುಗಿಸುವ ಬಲ ಸೊನ್ನೆ. ನಡುಗೆರೆಯ ಎರಡೂ ಬದಿ ಸಮವಾಗಿ ಕರೆಂಟ್ ಹರಿದರೆ ಒಂದು ಬದಿಯ ಎಳೆತವನ್ನು ಇನ್ನೊಂದು ಬದಿ ತಿಂದುಹಾಕುತ್ತದೆ: ಚಕ್ರ ನಡುಗುತ್ತದೆ, ಓಡುವುದಿಲ್ಲ. ಹಾಗಾಗಿ ಮ್ಯಾಗ್ನೆಟ್ ನಡುಗೆರೆ ದಾಟಿ ಸುಮಾರು 5 ಡಿಗ್ರಿಗೆ ರೀಡ್ ಮುಚ್ಚಿ, 20 ಡಿಗ್ರಿಗೆ ತೆರೆದುಕೊಳ್ಳಬೇಕು; ಆಗ ಕಾಯಿಲ್ ಮ್ಯಾಗ್ನೆಟನ್ನು ಮುಂದಕ್ಕೆ ನೂಕುತ್ತದೆ.

ರೀಡನ್ನು ಕಾಯಿಲಿನ ಪಕ್ಕದಲ್ಲೇ ಇಟ್ಟರೆ ಕಾಯಿಲಿನ ಕ್ಷೇತ್ರವೇ ಅದನ್ನು ಮುಚ್ಚಿ ಹಿಡಿಯುತ್ತದೆ. ಮ್ಯಾಗ್ನೆಟ್ ಹೋದರೂ ಕರೆಂಟ್ ನಿಲ್ಲುವುದಿಲ್ಲ, ಕಾಯಿಲ್ ಬಿಸಿಯಾಗುತ್ತ ಕೂರುತ್ತದೆ. ನಾಲ್ಕು ಮ್ಯಾಗ್ನೆಟ್ 90 ಡಿಗ್ರಿಗೊಂದರಂತೆ ಇರುವುದರಿಂದ ರೀಡ್ ಚಕ್ರದ ಎದುರು ಬದಿಯಲ್ಲಿದ್ದರೂ ಲೆಕ್ಕ ಒಂದೇ. ಅಲ್ಲೇ ಇಡಿ.

ಇನ್ನೊಂದು ವಿಷಯ, ಬಹಳ ಜನ ಗಮನಿಸದ್ದು: ರೀಡಿನ ದಿಕ್ಕು. ಅದು ಚಕ್ರ ತಿರುಗುವ ದಿಕ್ಕಿಗೆ ಮಲಗಿದ್ದರೆ ಪ್ರತಿ ಮ್ಯಾಗ್ನೆಟ್ಟಿಗೂ ಎರಡು ಸಲ ಮುಚ್ಚುತ್ತದೆ, ಮ್ಯಾಗ್ನೆಟ್ ನಡುವಿಗೆ ಬಂದಾಗ ತೆರೆದಿರುತ್ತದೆ. ಅಚ್ಚಿಗೆ ಸಮಾನಾಂತರವಾಗಿಟ್ಟು ಮ್ಯಾಗ್ನೆಟ್ ಸರಿಯಾಗಿ ಅದರ ನಡುವಿನ ಮೇಲೆ ಹಾದರೆ ಮುಚ್ಚುವುದೇ ಇಲ್ಲ. ಸಮಾನಾಂತರವಾಗಿಯೇ ಇಟ್ಟು ಗಾಜಿನ ಒಂದು ತುದಿಯ ಮೇಲೆ ಮ್ಯಾಗ್ನೆಟ್ ಹಾಯುವಂತೆ ಸರಿಸಿ. ಆಗ ಒಂದೇ ಪಲ್ಸ್. ಐಸ್‌ಕ್ರೀಂ ಕಡ್ಡಿಯ ಒಂದು ತುದಿಗೆ ಅಚ್ಚಿನ ಬೋಲ್ಟ್, ಇನ್ನೊಂದಕ್ಕೆ ರೀಡ್ ಕಟ್ಟಿದರೆ, ಕಡ್ಡಿ ತಿರುಗಿಸುತ್ತ ಓಡುವಾಗಲೇ ಟೈಮಿಂಗ್ ಹೊಂದಿಸಬಹುದು. ರೀಡನ್ನು ದೂರ ಸರಿಸಿದಷ್ಟೂ ಪಲ್ಸ್ ಚಿಕ್ಕದಾಗುತ್ತದೆ. ರೀಡಿನ ತಂತಿ ಕಾಲು ಬಗ್ಗಿಸುವಾಗ ಗಾಜಿಗೂ ಬಗ್ಗುವ ಜಾಗಕ್ಕೂ ನಡುವೆ ಇಕ್ಕಳದಲ್ಲಿ ಹಿಡಿಯಿರಿ, ಇಲ್ಲದಿದ್ದರೆ ಗಾಜು ಸೀಳುತ್ತದೆ. ಕಾಲು ತೀರ ಮೋಟು ಮಾಡಿದರೆ ಸೂಕ್ಷ್ಮತೆಯೂ ಕುಗ್ಗುತ್ತದೆ, ಏಕೆಂದರೆ ಕ್ಷೇತ್ರವನ್ನು ಒಳಕ್ಕೆ ತರುವುದು ಆ ಕಾಲುಗಳೇ.

ನಾಲ್ಕು ಎಎ ಸೆಲ್, ರೀಡ್, ಕಾಯಿಲ್ ಒಂದೇ ಸಾಲಿನಲ್ಲಿ ಸೇರಿಸಿ ಬೆರಳಿಂದ ಒಂದು ತಳ್ಳು ಕೊಡಿ. ತನ್ನಷ್ಟಕ್ಕೆ ಶುರುವಾಗದಿದ್ದರೆ ದೋಷವಲ್ಲ, ನಿಂತ ಜಾಗದಲ್ಲಿ ರೀಡ್ ತೆರೆದಿದೆ ಅಷ್ಟೇ. ಉಲ್ಟಾ ತಿರುಗಿದರೆ ಕಾಯಿಲಿನ ಎರಡು ತುದಿ ಅದಲು ಬದಲು ಮಾಡಿ. ಚೌಕದ 9 ವೋಲ್ಟ್ ಬ್ಯಾಟರಿ ಈ ಕೆಲಸಕ್ಕೆ ಬರದು, ಅದರ ಒಳರೋಧವೇ ಜಾಸ್ತಿ.

ರೀಡ್ ತೆರೆದಾಗ ಕಾಯಿಲ್ ಹಿಮ್ಮುಖವಾಗಿ ನೂರಾರು ವೋಲ್ಟಿನ ಏಟು ಕೊಡುತ್ತದೆ. ಗಾಜಿನೊಳಗೆ ನೀಲಿ ಕಿಡಿ ಕಂಡರೆ ಅದೇ. ಹಾಗೇ ಬಿಟ್ಟರೆ ರೀಡ್ ಬೇಗ ಸಾಯುತ್ತದೆ. ಕಾಯಿಲಿನ ಮೇಲೆ 1ಎನ್4007 ಡಯೋಡ್, ಪಟ್ಟಿಯಿರುವ ತುದಿ ಬ್ಯಾಟರಿಯ ಧನ (+) ಕಡೆಗೆ. ಬಹಳ ಹೊತ್ತು ಓಡಿಸುವುದಾದರೆ ಕಾಯಿಲಿನ ಕರೆಂಟನ್ನು ರೀಡಿನ ಬದಲು ತಾನು ಹೊರುವ ಬಿಡಿ139 ಟ್ರಾನ್ಸಿಸ್ಟರ್ ಹಾಕಿ, ಅದರ ಬೇಸ್ ಕಾಲಿಗೆ ರೀಡ್ ಮೂಲಕ 220 ಓಮ್ ರೆಸಿಸ್ಟರ್ ಕೊಡಿ. ಆಗ ರೀಡಿನಲ್ಲಿ ಹರಿಯುವುದು 24 ಮಿಲಿಆಂಪಿಯರ್ ಮಾತ್ರ. ಬೇಸ್ ಮತ್ತು ಎಮಿಟರ್ ನಡುವೆ 10 ಕಿಲೋಓಮ್ ಒಂದು ಇರಲಿ.

ಈ ಏಟನ್ನು ಇನ್ನೊಂದು ಬ್ಯಾಟರಿಗೆ ತುಂಬಿಸಿ ‘ಉಚಿತ ವಿದ್ಯುತ್’ ಎಂದು ತೋರಿಸುವ ವಿಡಿಯೊಗಳಿಗೆ ಬರವಿಲ್ಲ. ಲೆಕ್ಕ ಹಾಕಿ ನೋಡಿ: ಈ ಕಾಯಿಲಿನ ಇಂಡಕ್ಟೆನ್ಸ್ (ಕ್ಷೇತ್ರದಲ್ಲಿ ಶಕ್ತಿ ಹಿಡಿದಿಡುವ ಗುಣ) 5 ಮಿಲಿಹೆನ್ರಿ ಆಸುಪಾಸು, ಒಂದು ಪಲ್ಸಿಗೆ ಅದರಲ್ಲಿ ಉಳಿಯುವ ಶಕ್ತಿ 0.4 ಮಿಲಿಜೂಲಿಗಿಂತ ಕಡಿಮೆ. ಸೆಕೆಂಡಿಗೆ 60 ಪಲ್ಸ್ ಆದರೂ ಹೆಚ್ಚೆಂದರೆ 24 ಮಿಲಿವ್ಯಾಟ್. ಕರೆಂಟ್ ಆರರಲ್ಲೊಂದು ಪಾಲು ಹೊತ್ತು ಹರಿದರೂ ಬ್ಯಾಟರಿ ಕೊಡುತ್ತಿರುವುದು 350 ಮಿಲಿವ್ಯಾಟಿನಷ್ಟು.

ವೇಗ ಅಳೆಯಲು ಟ್ಯಾಕೋಮೀಟರ್ ಕೊಳ್ಳಬೇಕಿಲ್ಲ. ಹರ್ಟ್ಸ್ ತೋರಿಸುವ ಮಲ್ಟಿಮೀಟರನ್ನು ರೀಡಿನ ಎರಡು ತುದಿಗೆ ಹಿಡಿದು, ಬಂದದ್ದನ್ನು 15ರಿಂದ ಗುಣಿಸಿ (ಸುತ್ತಿಗೆ ನಾಲ್ಕು ಪಲ್ಸ್, ನಿಮಿಷಕ್ಕೆ 60 ಸೆಕೆಂಡ್): 60 ಹರ್ಟ್ಸ್ ಎಂದರೆ 900 ಆರ್‌ಪಿಎಂ. ಕಣ್ಣಂದಾಜಿನ ಎರಡು ಪಟ್ಟು ಬಂದರೆ ರೀಡ್ ಪ್ರತಿ ಮ್ಯಾಗ್ನೆಟ್ಟಿಗೂ ಎರಡು ಸಲ ಮುಚ್ಚುತ್ತಿದೆ; ಕಡ್ಡಿಯ ಮೇಲೆ ರೀಡನ್ನು ಇನ್ನೊಂದೆರಡು ಮಿಲಿಮೀಟರ್ ಪಕ್ಕಕ್ಕೆ ಜರುಗಿಸಿ.