ಕುದುರೆ ಮೇಲೆ ಸಾಂತಿಯಾಗೊಗೆ: ನಾನು ತಯಾರಿ ಮಾಡಿಕೊಂಡ ಬಗೆ

ಯೇಸುವಿನ ಶಿಷ್ಯ ಸಂತ ಯಾಕೋಬನ ಸಮಾಧಿ ಇದೆ ಅಂತ ನಂಬುವ ಸ್ಪೇನ್‌ನ ಸಾಂತಿಯಾಗೊ ದೆ ಕೊಂಪೊಸ್ತೆಲಾಕ್ಕೆ ವರ್ಷಕ್ಕೆ ಲಕ್ಷಗಟ್ಟಲೆ ಜನ ಯಾತ್ರೆಗೆ ನಡೆದು ಹೋಗ್ತಾರೆ. ನಮ್ಮ ಕನ್ನಡದವರೂ ಈಗ ಹೋಗುತ್ತಿದ್ದಾರೆ. ಕುದುರೆ ಮೇಲೆ ಹೋಗುವವರು ಮಾತ್ರ ತುಂಬಾ ಕಡಿಮೆ. ಆದರೆ ಅದಕ್ಕೂ ಪೂರ್ತಿ ಮಾನ್ಯತೆ ಇದೆ. ಯಾತ್ರೆ ಮುಗಿಸಿದವರಿಗೆ ಅಲ್ಲಿನ ಕಚೇರಿ ಕೊಡುವ 'ಕೊಂಪೊಸ್ತೆಲಾ' ಪತ್ರಕ್ಕೆ ನಡೆಯುವವರಿಗೂ ಕುದುರೆ ಸವಾರರಿಗೂ ಒಂದೇ ನಿಯಮ, ಕನಿಷ್ಠ 100 ಕಿ.ಮೀ. ಸೈಕಲ್‌ನವರಿಗೆ 200.

ನಾನು ಹೊರಟದ್ದು ಪೊನ್‌ಫೆರ್ರಾದಾದಿಂದ. ಅಲ್ಲಿಂದ ಸಾಂತಿಯಾಗೊ ಸುಮಾರು 200 ಕಿ.ಮೀ. ಫ್ರಾನ್ಸ್ ಗಡಿಯಿಂದ ಶುರುವಾಗುವ ಪೂರ್ತಿ ದಾರಿ ಸುಮಾರು 780 ಕಿ.ಮೀ. ಇದೆ. ಮೊದಲ ಸಲಕ್ಕೆ ಅಷ್ಟು ಬೇಡ ಅನ್ನೋದು ನನ್ನ ಅಭಿಪ್ರಾಯ. ಈ ಕೊನೆಯ 200ರಲ್ಲೇ ಬೆಟ್ಟ, ಕಣಿವೆ, ಓಣಿ, ಡಾಂಬರು, ಜನಜಂಗುಳಿ ಎಲ್ಲ ಸಿಗುತ್ತವೆ.

ಪ್ಲಾನ್ ಶುರುವಾಗಬೇಕಾದದ್ದು ರಾತ್ರಿಗಳಿಂದ. ನಡೆಯುವವರು ಸುಮ್ನೆ ಹೊರಟುಬಿಡಬಹುದು. ದಾರಿಯುದ್ದಕ್ಕೂ ಆಲ್ಬೆರ್ಗೆಗಳಿವೆ, ಅಂದರೆ ಯಾತ್ರಿಕರ ತಂಗುದಾಣಗಳು. ಆದರೆ ಅವುಗಳಲ್ಲಿ ಬಹುಪಾಲಿಗೆ ಲಾಯ ಇಲ್ಲ. ಹಾಗಾಗಿ ನಾನು ಚಳಿಗಾಲ ಪೂರ್ತಿ ಫೋನ್ ಹಿಡಿದು ಕೂತಿದ್ದೆ. ಬೇಲಿ ಹಾಕಿದ ಹುಲ್ಲುಗಾವಲು ಇದೆಯಾ? ಬೇರೆ ಕುದುರೆಗಳಿವೆಯಾ? ನೀರಿನ ತೊಟ್ಟಿ ಎಲ್ಲಿದೆ? ಒಣಹುಲ್ಲು ಸಿಗುತ್ತಾ? ಹತ್ತಿರದ ಪಶುವೈದ್ಯರು ಯಾರು, ಲಾಳ ಹೊಡೆಯುವವರು ಯಾರು? ಉತ್ತರ ಸಿಕ್ಕ ಊರುಗಳನ್ನು ಮಾತ್ರ ನಕ್ಷೆಯಲ್ಲಿ ಗುರುತು ಮಾಡಿದೆ. ಆಮೇಲೆ ಆ ಚುಕ್ಕಿಗಳನ್ನು ಜೋಡಿಸಿದೆ. ಒಂದು ದಿನ 18 ಕಿ.ಮೀ. ಬಂತು, ಇನ್ನೊಂದು ದಿನ 28. ಅದೇ ಸರಿ. ನನಗೆ ಇಷ್ಟವಾದ ಊರಲ್ಲಿ ಉಳಿಯೋದಕ್ಕಿಂತ ಕುದುರೆಗೆ ಹುಲ್ಲು ಇರುವ ಊರಲ್ಲಿ ಉಳಿಯೋದು ಮುಖ್ಯ.

ಕುದುರೆ ನಡಿಗೆಯಲ್ಲಿ ಗಂಟೆಗೆ ಸುಮಾರು 6 ಕಿ.ಮೀ. ಹೋಗುತ್ತದೆ. ಲೆಕ್ಕ ಹಾಕಿದರೆ ದಿನಕ್ಕೆ 40 ಹೋಗಬಹುದು ಅನ್ನಿಸುತ್ತೆ. ಹೋಗಬೇಡಿ. ಒಂದು ದಿನ 40 ಹೋಗೋದು ದೊಡ್ಡ ವಿಷಯ ಅಲ್ಲ. ಮರುದಿನ, ಅದರ ಮರುದಿನ ಮತ್ತೆ ಬೆನ್ನ ಮೇಲೆ ಜೀನು ಹಾಕಬೇಕಲ್ಲ? ನಾನು ಗಂಟೆಗೊಮ್ಮೆ ಇಳಿದು ಸ್ವಲ್ಪ ದೂರ ನಡೆಯುತ್ತಿದ್ದೆ. ಇಳಿಜಾರು ಬಂದರಂತೂ ಯಾವಾಗಲೂ ಇಳಿದೇ ನಡಿಗೆ.

ಕುದುರೆ ನನ್ನದಲ್ಲ. ಪೊನ್‌ಫೆರ್ರಾದಾ ಸುತ್ತಲಿನ ಬಿಯೆರ್ಸೊ ಕಡೆಯ ಒಬ್ಬರ ಲಾಯದಿಂದ ಬಾಡಿಗೆಗೆ ತಗೊಂಡದ್ದು. ಬೂದು ಬಣ್ಣದ್ದು, ಗಿಡ್ಡ, ಗಟ್ಟಿಮುಟ್ಟು, ನಡು ವಯಸ್ಸು. ಸವಾರ, ಜೀನು, ಚೀಲ ಎಲ್ಲ ಸೇರಿ ಕುದುರೆಯ ತೂಕದ ಶೇ 20 ದಾಟಬಾರದು ಅಂತಾರೆ. 450 ಕೆ.ಜಿ. ಕುದುರೆಗೆ 90 ಕೆ.ಜಿ. ಆಯ್ತು. ದಿನಗಟ್ಟಲೆ ಹೋಗುವಾಗ ಅದಕ್ಕಿಂತ ಎಷ್ಟು ಕಡಿಮೆ ಇದ್ದರೆ ಅಷ್ಟು ಒಳ್ಳೇದು. ನನ್ನ ಬಟ್ಟೆಬರೆಯೆಲ್ಲ ಸ್ನೇಹಿತರ ವ್ಯಾನಿನಲ್ಲಿ ಮುಂದೆ ಹೋಗುತ್ತಿತ್ತು. ಅದರ ಜೊತೆಗೆ ಕುದುರೆ ದಿನಾ ತಿನ್ನುವ ಅದೇ ಓಟ್ಸ್ ಕೂಡ. ಮೇವು ಥಟ್ಟನೆ ಬದಲಾದರೆ ಕುದುರೆಗೆ ಹೊಟ್ಟೆನೋವು ಬರಬಹುದು, ಅದು ಪ್ರಾಣಕ್ಕೇ ಕುತ್ತು.

ಹೊರಡೋ ಮೊದಲು ವಾರಗಟ್ಟಲೆ ಆ ಕುದುರೆಯ ಜೊತೆ ಅಭ್ಯಾಸ ಮಾಡಿದೆ. ಅದಕ್ಕೆ ಲಾರಿ, ಟ್ರ್ಯಾಕ್ಟರ್ ಗೊತ್ತಿತ್ತು. ಗೊತ್ತಿಲ್ಲದ್ದು ಯಾತ್ರಿಕರು. ಸಾಂತಿಯಾಗೊ ಇರುವ ಗಲೀಸಿಯಾ ಪ್ರಾಂತ್ಯದಲ್ಲಿ ಮಳೆ ಜಾಸ್ತಿ. ಮಳೆ ಬಂದ ಕೂಡಲೇ ಎಲ್ಲರೂ ಬೆನ್ನಚೀಲದ ಮೇಲೇ ದೊಡ್ಡ ಪಾಂಚೊ, ಅಂದರೆ ತಲೆಯಿಂದ ಇಳಿಬಿಡುವ ಮಳೆ ಹೊದಿಕೆ, ಹಾಕಿಕೊಳ್ತಾರೆ. ಗೂನು ಬೆನ್ನಿನ, ಪಟಪಟ ಅನ್ನುವ, ಕೈಯಲ್ಲಿ ಎರಡು ಕೋಲು ಹಿಡಿದ ಕೆಂಪು ಹಳದಿ ಆಕಾರಗಳು ಕುದುರೆಗೆ ಮನುಷ್ಯರ ಹಾಗೆ ಕಾಣೋದೇ ಇಲ್ಲ. ಅದಕ್ಕೇ ನಾನೇ ಪಾಂಚೊ ಹಾಕಿಕೊಂಡು, ಕೋಲು ಕುಟ್ಟುತ್ತಾ ಅದರ ಸುತ್ತ ನಡೆದೆ. ಪಾಂಚೊ ಹಾಕಿಕೊಂಡೇ ಮೇವು ಹಾಕಿದೆ. ಆ ಅಭ್ಯಾಸ ದಾರಿಯಲ್ಲಿ ತುಂಬಾ ಉಪಯೋಗಕ್ಕೆ ಬಂತು.

ಲಾಳ ಹೊಡೆಸಿದ್ದು ಹೊರಡುವ ಹಿಂದಿನ ದಿನ ಅಲ್ಲ, ಒಂದು ವಾರ ಮೊದಲು. ಯಾವುದಾದರೂ ಮೊಳೆ ಗೊರಸಿನ ಒಳಗಿನ ಮೃದು ಭಾಗಕ್ಕೆ ತಾಗಿದ್ದರೆ ಅಷ್ಟರಲ್ಲಿ ಕುಂಟು ಕಾಣಿಸುತ್ತದೆ. ಡಾಂಬರಿನ ಮೇಲೆ ಜಾರಬಾರದು, ಬೇಗ ಸವೆಯಬಾರದು ಅಂತ ಲಾಳದ ತುದಿಗೆ ಟಂಗ್‌ಸ್ಟನ್ ಕಾರ್ಬೈಡ್ ಅನ್ನುವ ತುಂಬಾ ಗಟ್ಟಿ ವಸ್ತು ಹಾಕಿಸಿದೆ. ಲಾಳ ಕಳಚಿದರೆ ತೊಡಿಸೋಕೆ ರಬ್ಬರಿನ ಗೊರಸು ಬೂಟು ಚೀಲದಲ್ಲಿತ್ತು. ಕಾಗದಪತ್ರದ ವಿಷಯ ಚಿಕ್ಕದಾಗಿ ಹೇಳ್ತೀನಿ. ಕುದುರೆಗೂ ಪಾಸ್‌ಪೋರ್ಟ್ ಇರಬೇಕು, ಮೈಯೊಳಗೆ ಮೈಕ್ರೋಚಿಪ್ ಇರಬೇಕು. ಲಾಯದಿಂದ ಹೊರಗೆ ಕರೆದೊಯ್ಯೋಕೆ ಪಶು ಇಲಾಖೆಯ ಸಾಗಣೆ ಪತ್ರ, ಮೂರನೆಯವರಿಗೆ ಆಗುವ ಹಾನಿಗೆ ವಿಮೆ ಬೇಕು. ಇವನ್ನು ಮಾಲೀಕರ ಜೊತೆ ಕೂತು ತಿಂಗಳ ಮೊದಲೇ ಮುಗಿಸಿ.

ದಿನಾ ಸಂಜೆಯ ಕೆಲಸವೇ ಈ ಯಾತ್ರೆಯ ಜೀವ. ಜೀನು ತೆಗೆದ ತಕ್ಷಣ ಬೆವರಿನ ಗುರುತು ನೋಡುತ್ತಿದ್ದೆ. ಬೆನ್ನಿನ ಎರಡೂ ಕಡೆ ಒಂದೇ ಥರ ಒದ್ದೆಯಾಗಿರಬೇಕು. ಆ ಒದ್ದೆಯ ಮಧ್ಯೆ ಅಂಗೈ ಅಗಲ ಒಣಗಿದ ಜಾಗ ಕಂಡರೆ ಅಲ್ಲಿ ಜೀನು ಒತ್ತುತ್ತಿದೆ ಅಂತ. ಆಮೇಲೆ ಬೆರಳ ತುದಿಯಿಂದ ಬೆನ್ನುದ್ದಕ್ಕೂ ಮೆಲ್ಲಗೆ ಒತ್ತುತ್ತಾ ಹೋಗಬೇಕು. ನೋವಿದ್ದರೆ ಚರ್ಮ ಅದುರುತ್ತದೆ, ಬೆನ್ನು ಕೆಳಗೆ ಬಾಗುತ್ತದೆ. ಹೊಟ್ಟೆಪಟ್ಟಿ ಬಿಗಿದ ಜಾಗದಲ್ಲಿ, ಮುಂಗಾಲಿನ ಹಿಂದೆ, ಕೂದಲು ಉದುರಿದೆಯಾ ನೋಡಬೇಕು. ಕುತ್ತಿಗೆಯ ಚರ್ಮ ಚಿವುಟಿ ಬಿಟ್ಟರೆ ಕೂಡಲೇ ಸರಿಹೋಗಬೇಕು, ತಡವಾದರೆ ನೀರು ಸಾಲದಾಗಿದೆ. ಒಸಡು ಒತ್ತಿದರೆ ಬಿಳುಪಾಗುತ್ತದೆ, ಎರಡು ಸೆಕೆಂಡಿನೊಳಗೆ ಗುಲಾಬಿ ಬಣ್ಣ ವಾಪಸ್ ಬರಬೇಕು. ಇಷ್ಟೆಲ್ಲ ಆದ ಮೇಲೇ ನನ್ನ ಊಟ.

ನೀರಿನ ಬಗ್ಗೆ ಒಂದು ಹಳೇ ಕತೆ. 12ನೇ ಶತಮಾನದ ಯಾತ್ರಾ ಕೈಪಿಡಿಯೊಂದರಲ್ಲಿ ಇದೇ ದಾರಿಯಲ್ಲಿ ಬರುವ ನವಾರ್ರಾ ಪ್ರಾಂತ್ಯದ ಲೋರ್ಕಾ ಊರಿನ ಹತ್ತಿರದ ಉಪ್ಪು ಹೊಳೆಯ ಪ್ರಸ್ತಾಪ ಇದೆ. ದಡದಲ್ಲಿ ಇಬ್ಬರು ಚಾಕು ಮಸೆಯುತ್ತಾ ಕೂತಿದ್ದರಂತೆ. ನೀರು ಕುಡಿಯಬಹುದಾ ಅಂತ ಯಾತ್ರಿಕರು ಕೇಳಿದರೆ ಕುಡಿಯಬಹುದು ಅಂದರಂತೆ. ಎರಡು ಕುದುರೆ ಅಲ್ಲೇ ಸತ್ತವು, ಅವರು ಚರ್ಮ ಸುಲಿದುಕೊಂಡರು. ಕುದುರೆಗೆ ದಿನಕ್ಕೆ 30ರಿಂದ 40 ಲೀಟರ್ ನೀರು ಬೇಕು, ಬಿಸಿಲಿದ್ದರೆ ಇನ್ನೂ ಜಾಸ್ತಿ. ಹಳ್ಳಿಗಳ ಕಲ್ಲಿನ ತೊಟ್ಟಿ ಎಲ್ಲೆಲ್ಲಿವೆ ಅಂತ ನಾನು ಮೊದಲೇ ಬರೆದಿಟ್ಟುಕೊಂಡಿದ್ದೆ.

ದಾರಿಯಲ್ಲಿ ಎರಡು ಜಾಗಕ್ಕೆ ವಿಶೇಷ ತಯಾರಿ ಬೇಕು. ಮೊದಲನೆಯದು ಓ ಸೆಬ್ರೆಯ್ರೊ ಬೆಟ್ಟ. ವಾಲ್ಕಾರ್ಸೆ ಕಣಿವೆಯ ಲಾಸ್ ಎರ್ರೇರಿಯಾಸ್‌ನಿಂದ ಸುಮಾರು 8 ಕಿ.ಮೀ. ಏರು. ಮೇಲಿನ ಊರು ಸುಮಾರು 1,300 ಮೀಟರ್ ಎತ್ತರದಲ್ಲಿದೆ. ಹತ್ತುವಾಗ ಮುಂದಕ್ಕೆ ಬಾಗಿ ಕೂತು, ಲಗಾಮು ಸಡಿಲ ಬಿಟ್ಟು, ಕುದುರೆ ನಿಂತಾಗೆಲ್ಲ ಉಸಿರು ತಗೊಳ್ಳೋಕೆ ಬಿಡಿ. ಆಚೆ ಕಡೆ ತ್ರಿಯಾಕಾಸ್ತೆಲಾಗೆ ಇಳಿಯೋದು ಹತ್ತುವುದಕ್ಕಿಂತ ಕಷ್ಟ. ಕುದುರೆಯ ಮುಂಗಾಲಿಗೆ ಪೆಟ್ಟು ಬೀಳೋದು ಅಲ್ಲೇ.

ಎರಡನೆಯದು ಪೋರ್ತೊಮರಿನ್ ಸೇತುವೆ. ಬೆಲೆಸಾರ್ ಅಣೆಕಟ್ಟು ಬಂದಾಗ ಹಳೇ ಊರು ಮುಳುಗಿತು. ಚರ್ಚನ್ನು ಕಲ್ಲು ಕಲ್ಲಾಗಿ ಬಿಚ್ಚಿ ಮೇಲೆ ತಂದು ಕಟ್ಟಿದರು. ಮಿನ್ಯೊ ನದಿಯ ಮೇಲೆ ಈಗಿರುವ ಸೇತುವೆ ಉದ್ದ, ಎತ್ತರ. ಪಕ್ಕದಲ್ಲಿ ಕೆಳಗಿನ ಆಳ ಕಂಡು ಎಷ್ಟೋ ಕುದುರೆಗಳು ಅಲ್ಲಿ ನಿಂತುಬಿಡುತ್ತವೆ. ವಾಹನ ಕಡಿಮೆ ಇರುವ ಹೊತ್ತು ನೋಡಿ, ಇಳಿದು, ಕುದುರೆಯ ತಲೆಯ ಪಕ್ಕದಲ್ಲೇ ನಡೆದು ದಾಟಿದೆ. ಸೇತುವೆ ಮುಗಿದಾಗ ಎದುರಿಗಿರುವ ಮೆಟ್ಟಿಲು ಕುದುರೆಗಲ್ಲ, ರಸ್ತೆಯಲ್ಲಿ ಸುತ್ತಿ ಹೋಗಬೇಕು.

ಸಾರ್ರಿಯಾ ದಾಟಿದ ಮೇಲೆ ಜನವೋ ಜನ. 100 ಕಿ.ಮೀ. ಲೆಕ್ಕಕ್ಕೆ ಅಲ್ಲಿಂದಲೇ ಶುರು ಮಾಡುವವರು ಜಾಸ್ತಿ. ಕಲ್ಲುಗೋಡೆಗಳ ನಡುವಿನ ಓಣಿಗಳು ಇಕ್ಕಟ್ಟು. ನಡೆಯುವವರು ನಸುಕಿಗೇ ಹೊರಡ್ತಾರೆ, ಹಾಗಾಗಿ ನಾನು ತಡವಾಗಿ ಹೊರಡುತ್ತಿದ್ದೆ. ಮೇ ತಿಂಗಳ ತಂಪಿನಲ್ಲಿ ಅದು ನಡೆಯುತ್ತೆ, ಆಗಸ್ಟ್‌ನಲ್ಲಿ ಬೇಡ. ಹಿಂದಿನಿಂದ ಹೋಗುವಾಗ ಜೋರಾಗಿ ನಮಸ್ಕಾರ ಹೇಳಿ, ಕುದುರೆಯನ್ನು ನಿಧಾನ ಮಾಡಿ. ಅಂಗಡಿ, ಆಲ್ಬೆರ್ಗೆ ಮುಂದೆ ಲದ್ದಿ ಬಿದ್ದರೆ ಎತ್ತಿ ಪಕ್ಕಕ್ಕೆ ಹಾಕಿ. ಅದಕ್ಕೆಂದೇ ಒಂದು ಮಡಚುವ ಸಲಿಕೆ ಇಟ್ಟುಕೊಂಡಿದ್ದೆ. ಪತ್ರ ಸಿಗಬೇಕಾದರೆ ಕೊನೆಯ 100 ಕಿ.ಮೀ.ಯಲ್ಲಿ ಯಾತ್ರಿಕರ ಪುಸ್ತಕದಲ್ಲಿ ದಿನಕ್ಕೆ ಎರಡು ಮುದ್ರೆ ಬೇಕು, ಅದನ್ನು ಮರೆಯಬೇಡಿ.

ಮೆಲೀದೆ ದಾಟಿದ ಮೇಲೆ ಒಂದು ಕಡೆ ಫೋನಿನಲ್ಲಿ ಒಪ್ಪಿದ್ದವರು ಜಾಗ ಇಲ್ಲ ಅಂದುಬಿಟ್ಟರು. ಪಕ್ಕದ ಹೊಲದ ಅಜ್ಜಿ ಮಾತೇ ಆಡದೆ ಗೇಟು ತೆಗೆದು, ಒಂದು ಹೊರೆ ಹುಲ್ಲು ತಂದು ಹಾಕಿದರು. ದುಡ್ಡು ತಗೊಳ್ಳಲಿಲ್ಲ. ಶಿವರಾತ್ರಿಗೆ ಧರ್ಮಸ್ಥಳಕ್ಕೆ ನಡೆದು ಹೋಗುವವರಿಗೆ ದಾರಿಯ ಜನ ಮಜ್ಜಿಗೆ, ಊಟ ಕೊಡ್ತಾರಲ್ಲ, ಅದೇ ಮನಸ್ಸು ಅಲ್ಲೂ ಇದೆ.

ಸಾಂತಿಯಾಗೊ ಊರೊಳಗೆ, ಕೆಥೆಡ್ರಲ್ ಮುಂದಿನ ಒಬ್ರಾದೊಯ್ರೊ ಚೌಕದವರೆಗೆ ಕುದುರೆ ತಗೊಂಡು ಹೋಗಬೇಕಾದರೆ ಮೊದಲೇ ಊರಿನ ಪೊಲೀಸರ ಅನುಮತಿ ಕೇಳಬೇಕು. ನಾನು ಬೆಳಗ್ಗೆ ಬೇಗ ಹೋದೆ. ಮಳೆ ಬಂದಿದ್ದರೆ ಅಲ್ಲಿನ ಹಾಸುಗಲ್ಲು ಜಾರುತ್ತೆ, ಮೇಲೆ ಕೂರಬೇಡಿ. ಕುದುರೆ ಕಟ್ಟಿಹಾಕೋಕೆ ಅಲ್ಲಿ ಜಾಗ ಇಲ್ಲ. ವಾಪಸ್ ಒಯ್ಯುವ ಟ್ರೇಲರ್ ಎಲ್ಲಿ, ಯಾವಾಗ ಬರಬೇಕು ಅಂತ ಹೊರಡುವ ಮೊದಲೇ ಗೊತ್ತು ಮಾಡಿರಿ. ಕುದುರೆಯನ್ನು ಟ್ರೇಲರ್ ಹತ್ತಿಸಿ ಆಮೇಲೆ ಪತ್ರಕ್ಕೆ ಸರದಿ ನಿಲ್ಲಿ.

ಸಂತ ಯಾಕೋಬನ ಹಬ್ಬ ಜುಲೈ 25, ಅದು ಭಾನುವಾರ ಬಂದರೆ ಆ ವರ್ಷ ಸಾಂತಿಯಾಗೊಗೆ ಪವಿತ್ರ ವರ್ಷ. 2027ರಲ್ಲಿ ಹಾಗೆ ಬರುತ್ತದೆ. ಆ ವರ್ಷ ಹೋಗುವ ಮನಸ್ಸಿದ್ದರೆ ಹುಲ್ಲುಗಾವಲಿಗೆ ಒಂದು ವರ್ಷ ಮೊದಲೇ ಫೋನ್ ಮಾಡಿ.