ಗೇರ್ ಬಾಕ್ಸ್ ಇಳಿಸದೆಯೇ ಮಾರುತಿ 800ರ ಆಯಿಲ್ ಲೀಕ್ ನಿಲ್ಲಿಸಿದೆ

ಗೇರ್ ಬಾಕ್ಸ್ ಇಳಿಸದೆ ನನ್ನ ಮಾರುತಿ 800ರ ಆಯಿಲ್ ಲೀಕ್ ನಿಲ್ಲಲ್ಲ ಅಂತ ಹೇಳಿದವರು ಒಬ್ಬಿಬ್ಬರಲ್ಲ. ಇಳಿಸದೆಯೇ ಅದನ್ನು ನಿಲ್ಲಿಸಿ ಒಂದು ಮಳೆಗಾಲ ಪೂರ್ತಿ ಕಳೆದಿದೆ. ಹಾಸನದಿಂದ ಮಂಗಳೂರಿಗೆ ಶಿರಾಡಿ ಘಾಟಿ ಇಳಿದು ಹತ್ತಿ ಬಂದಿದ್ದೂ ಆಗಿದೆ. ಎಂಜಿನ್ ಕೆಳಗೆ ಹಾಸಿದ ಪೇಪರ್ ಮೇಲೆ ಒಂದು ಚುಕ್ಕಿ ಎಣ್ಣೆ ಇಲ್ಲ. ಇಷ್ಟು ಗಟ್ಟಿಯಾದ ಮೇಲೇ ಬರೆಯಬೇಕು ಅಂತ ಕಾದಿದ್ದೆ.

ನನ್ನದು 1997ರ ಕಾರ್ಬುರೇಟರ್ ಗಾಡಿ. ಅದೇ 796 ಸಿಸಿ, ಮೂರು ಸಿಲಿಂಡರ್ ಎಂಜಿನ್. ಎಣ್ಣೆ ತೊಟ್ಟಿಕ್ಕುತ್ತಿದ್ದದ್ದು ಬೆಲ್ ಹೌಸಿಂಗ್ ತಳದಿಂದ, ಅಂದರೆ ಎಂಜಿನ್‌ಗೂ ಗೇರ್ ಬಾಕ್ಸಿಗೂ ನಡುವೆ ಕ್ಲಚ್ ಕೂರುವ ಗೂಡಿನ ಅಡಿಯಿಂದ. ರಾತ್ರಿ ನಿಲ್ಲಿಸಿದರೆ ಬೆಳಿಗ್ಗೆ ಅಂಗೈ ಅಗಲದ ಕಲೆ. ಸಾವಿರ ಕಿಲೋಮೀಟರಿಗೆ ಹೆಚ್ಚುಕಮ್ಮಿ ಮುಕ್ಕಾಲು ಲೀಟರ್ ಸುರಿಯಬೇಕಿತ್ತು. ಸುಮಾರು ಮೂರು ಲೀಟರ್ ಹಿಡಿಯುವ ಎಂಜಿನ್‌ಗೆ ಇದು ಸಣ್ಣ ಮಾತಲ್ಲ.

ಬೆಲ್ ಹೌಸಿಂಗ್ ತಳದಲ್ಲಿ ಎಣ್ಣೆ ಕಂಡರೆ ಸಾಕು, ಮೆಕ್ಯಾನಿಕ್‌ಗಳ ಬಾಯಲ್ಲಿ ಬರುವುದು ಒಂದೇ ಮಾತು: ಹಿಂದಿನ ಕ್ರ್ಯಾಂಕ್ ಸೀಲ್ (ಎಂಜಿನ್‌ನ ಮುಖ್ಯ ಶಾಫ್ಟಿನ ಸುತ್ತ ಎಣ್ಣೆ ತಡೆಯುವ ರಬ್ಬರ್) ಹೋಗಿದೆ. ಗೇರ್ ಬಾಕ್ಸ್ ಇಳಿಸಬೇಕು, ಇಳಿಸಿದ ಮೇಲೆ ಕ್ಲಚ್ ಪ್ಲೇಟೂ ಹಾಕಿಬಿಡಿ. ಲೆಕ್ಕ ಆರೂವರೆ ಏಳು ಸಾವಿರಕ್ಕೆ ಹೋಯಿತು. ಅದಕ್ಕೂ ಮೊದಲೇ ಎಂಜಿನ್ ಮೇಲಿನ ಮುಚ್ಚಳದ, ಅಂದರೆ ಟ್ಯಾಪೆಟ್ ಕವರ್‌ನ, ಪ್ಯಾಕಿಂಗ್ ಎರಡು ಕಡೆ ಬದಲಾಯಿಸಿಕೊಂಡಿದ್ದೆ. ಎರಡೂ ಸಲ ಬೋಲ್ಟನ್ನು ಜೋರಾಗಿ ಬಿಗಿದು, ಹೊಸ ಪ್ಯಾಕಿಂಗ್ ಹಿಂಡಿ ಹೊರಗೆ ಬಂದಿತ್ತು. ಲೀಕ್ ನಿಲ್ಲಿಸುವ ಔಷಧಿ ಅಂತ ಒಂದು ಡಬ್ಬಿ ಆಯಿಲ್‌ಗೆ ಸುರಿದೆ. ವಾರ ಕಳೆದರೂ ಕಲೆ ಅಷ್ಟೇ ಅಗಲ. ಹೀಗೆ ಎರಡೂವರೆ ಸಾವಿರ ಕೈಬಿಟ್ಟಿತು.

ಕೊನೆಗೆ ನಾನೇ ಕೂತೆ. ಮೊದಲು ಆ ಹನಿಯನ್ನು ಬೆರಳಲ್ಲಿ ಉಜ್ಜಿ ಮೂಸಿದೆ. ಗೇರ್ ಆಯಿಲ್ ಆದರೆ ಗಂಧಕದ ಘಾಟು ಇರುತ್ತದೆ, ಗೊತ್ತಲ್ವಾ. ಅದಿರಲಿಲ್ಲ. ಹಾಗಾದರೆ ಎಂಜಿನ್ ಆಯಿಲ್ಲೇ. ಆದರೆ ಅದು ಕ್ರ್ಯಾಂಕ್ ಸೀಲಿಂದಲೇ ಬರಬೇಕು ಅಂತೇನಿಲ್ಲ. ಈ ಎಂಜಿನ್‌ನಲ್ಲಿ ಪ್ಲಗ್‌ಗಳಿಗೆ ಕರೆಂಟ್ ಹಂಚುವ ಡಿಸ್ಟ್ರಿಬ್ಯೂಟರ್ ಕೂರುವುದು ಎಂಜಿನ್ ಮೇಲ್ಭಾಗದ ಹೆಡ್ಡಿನ ತುದಿಯಲ್ಲಿ, ಗೇರ್ ಬಾಕ್ಸ್ ಕಡೆಗೆ. ಅಲ್ಲಿ ಸೋರಿದರೂ ಎಣ್ಣೆ ಇಳಿದು ಬಂದು ಸೇರುವುದು ಅದೇ ತಳಕ್ಕೆ.

ತೊಳೆಯುವುದೇ ದೊಡ್ಡ ಕೆಲಸ. ಡೀಸೆಲ್, ಬ್ರಷ್, ಹಳೆ ಬನಿಯನ್ ಬಟ್ಟೆ. ಇಪ್ಪತ್ತು ವರ್ಷದ ಜಿಡ್ಡು ಪದರ ಪದರವಾಗಿ ಎದ್ದು ಬಂತು. ಆಮೇಲೆ ಸೋಪಿನ ನೀರು, ಒಂದು ದಿನ ಪೂರ್ತಿ ಒಣಗಲು ಬಿಟ್ಟೆ. ಇಲ್ಲಿ ಅವಸರ ಮಾಡಿದರೆ ಮುಂದಿನದೆಲ್ಲ ದಂಡ. ಎಣ್ಣೆ ಎಲ್ಲಿ ಸೋರುತ್ತದೆ ಅಂತ ಒದ್ದೆಯಾಗಿ ಕಾಣಲಿ ಎಂದು, ಎಂಜಿನ್ ಆಫ್ ಇದ್ದಾಗಲೇ ಕಾಲುಚೀಲದಲ್ಲಿ ಮುಖಕ್ಕೆ ಹಾಕುವ ಪೌಡರ್ ತುಂಬಿ ಹೆಡ್ಡಿನ ಹಿಂಭಾಗ, ಡಿಸ್ಟ್ರಿಬ್ಯೂಟರ್ ಸುತ್ತ, ಪೆಟ್ರೋಲ್ ಪಂಪ್ ಬುಡ, ಎಲ್ಲ ಕಡೆ ತೆಳ್ಳಗೆ ತಟ್ಟಿದೆ. ಬೆಲ್ಟಿಗೂ ಏರ್ ಫಿಲ್ಟರಿಗೂ ಮುಟ್ಟಬಾರದು. ಆಮೇಲೆ ಗಾಡಿ ಓಡಿಸಬೇಡಿ, ಗಾಳಿಗೆ ಎಣ್ಣೆ ಎಲ್ಲ ಕಡೆ ಹರಡಿಬಿಡುತ್ತದೆ. ನಿಂತಲ್ಲೇ, ರೇಸ್ ಸ್ವಲ್ಪ ಏರಿಸಿ, ರೇಡಿಯೇಟರ್ ಫ್ಯಾನ್ ಒಂದೆರಡು ಸಲ ಆನ್ ಆಗುವವರೆಗೆ ಬಿಟ್ಟೆ.

ಟಾರ್ಚ್, ಕೈಗನ್ನಡಿ ಹಿಡಿದು ನೋಡಿದೆ. ಟ್ಯಾಪೆಟ್ ಕವರ್ ಅಂಚು ಬೆಳ್ಳಗೇ ಇತ್ತು. ಡಿಸ್ಟ್ರಿಬ್ಯೂಟರ್ ಬುಡದಲ್ಲಿ ಮಾತ್ರ ಪೌಡರ್ ಒದ್ದೆಯಾಗಿ ಕಂದುಬಣ್ಣಕ್ಕೆ ತಿರುಗಿತ್ತು. ಅಲ್ಲಿಂದ ದಾರದಷ್ಟು ಸಣ್ಣ ಗೆರೆಯೊಂದು ಹೆಡ್ಡಿನ ಮೂಲೆ ಹಿಡಿದು ಇಳಿದು, ಬೆಲ್ ಹೌಸಿಂಗ್ ಮೇಲಿನ ಬೋಲ್ಟನ್ನು ಸುತ್ತಿ, ಕೆಳಗೆ ಮರೆಯಾಗಿತ್ತು. ಕ್ಯಾಪ್ ತೆಗೆದು ನೋಡಿದರೆ ಒಳಗೆ ಒಣಗಿದೆ. ಅಂದರೆ ಡಿಸ್ಟ್ರಿಬ್ಯೂಟರ್ ಒಳಗಿನ ಶಾಫ್ಟ್ ಸೀಲ್ ಚೆನ್ನಾಗಿದೆ, ಹೋಗಿರುವುದು ಹೊರಗಿನ ಓ ರಿಂಗ್, ಅಂದರೆ ಎಣ್ಣೆ ತಡೆಯುವ ರಬ್ಬರ್ ಬಳೆ, ಒಂದೇ.

ಡಿಸ್ಟ್ರಿಬ್ಯೂಟರ್ ಬಿಚ್ಚುವುದನ್ನು ಹೇಳಿಕೊಡಬೇಕಿಲ್ಲ. ಅದರ ಬಾಡಿಗೂ ಹೆಡ್ಡಿಗೂ ಗೆರೆ ಎಳೆದುಕೊಳ್ಳಿ, ಕ್ಯಾಪ್ ಒಳಗೆ ತಿರುಗುವ ರೋಟರ್ ನಿಂತ ಕಡೆಗೂ ಗುರುತು ಹಾಕಿ. ಹೊರಗೆಳೆಯುವಾಗ ರೋಟರ್ ಸ್ವಲ್ಪ ತಿರುಗುತ್ತದೆ, ಆ ಜಾಗವನ್ನೂ ಗುರುತಿಸಿ. ಹಳೆ ರಿಂಗ್ ಉಗುರು ತಾಗಿಸಿದ ಕೂಡಲೇ ಬಳೆ ಚೂರಿನ ಹಾಗೆ ಮುರಿಯಿತು.

ಹೊಸದನ್ನು ಹತ್ತು ರೂಪಾಯಿಗೆ ಕೊಟ್ಟರು. ಸೈಜ್ ಸರಿಯಿತ್ತು, ಸೋರುವುದೂ ನಿಂತಿತು. ತಿಂಗಳೊಳಗೆ ಮತ್ತೆ ಶುರು! ಬಿಚ್ಚಿದರೆ ಆ ರಬ್ಬರ್ ಆಗಲೇ ಚಪ್ಪಟೆಯಾಗಿ ಗಟ್ಟಿಯಾಗಿತ್ತು. ಆಗ ಒಂದು ಪ್ರಯೋಗ ಮಾಡಿದೆ. ಬೇರೆ ಬೇರೆ ಅಂಗಡಿಯ ಓ ರಿಂಗ್ ತಂದು, ಹಳೆ ಡಬ್ಬಿಯಲ್ಲಿ ಎಂಜಿನ್ ಆಯಿಲ್ ಹಾಕಿ, ಹಿತ್ತಲಲ್ಲಿ ಸಣ್ಣ ಉರಿಯಲ್ಲಿ ಸಂಜೆವರೆಗೆ ಬಿಸಿಯಲ್ಲಿಟ್ಟೆ. ಹೊಗೆ ಬರುವಷ್ಟು ಕಾಯಿಸಬಾರದು, ಪಕ್ಕದಿಂದ ಏಳಲೂಬಾರದು. ಕಡಿಮೆ ಬೆಲೆಯವು ಉಬ್ಬಿದವು, ಒಂದು ಬಿರುಕು ಬಿಟ್ಟಿತು. ಬಿಸಿ ಎಣ್ಣೆ ತಡೆಯುವ ವಿಟಾನ್ ಅನ್ನೋ ರಬ್ಬರಿನ ರಿಂಗ್ ಮಾತ್ರ ತಂದ ಹಾಗೇ ಇತ್ತು. ಬೆಂಗಳೂರಿನ ಜೆ.ಸಿ. ರಸ್ತೆಯಲ್ಲಿ ಸಿಕ್ಕಿದ್ದು, ನಲವತ್ತೋ ಐವತ್ತೋ ಕೊಟ್ಟ ನೆನಪು. ಅದೇ ಈಗ ಒಳಗಿರುವುದು. ಕೂರಿಸುವ ಮೊದಲು ರಿಂಗ್ ಕೂರುವ ಜಾಗಕ್ಕೆ ಒಂದು ಚಿಕ್ಕ ಕೆಲಸ ಮಾಡುತ್ತೇನೆ. ಅದು ನನ್ನ ಹತ್ತಿರವೇ ಇರಲಿ. ಗಮ್ ಮಾತ್ರ ಹಚ್ಚಿಲ್ಲ.

ಇನ್ನೊಂದು ವಿಷಯ ನೋಡಿ. ಎಂಜಿನ್ ಒಳಗೆ ಒತ್ತಡ ಜಾಸ್ತಿ ಇದ್ದರೆ ಯಾವ ಸೀಲೂ ಬಾಳಲ್ಲ. ಐಡ್ಲಿಂಗ್‌ನಲ್ಲಿ ಆಯಿಲ್ ತುಂಬುವ ಮುಚ್ಚಳ ತೆಗೆದು ತೆಳು ಪ್ಲಾಸ್ಟಿಕ್ ಹಾಳೆ ಇಟ್ಟೆ. ಸ್ವಲ್ಪ ಒಳಗೆ ಎಳೆದುಕೊಳ್ಳಬೇಕಿದ್ದದ್ದು ಹಾರಿ ಬಿತ್ತು. ಎಂಜಿನ್ ಒಳಗಿನ ಒತ್ತಡ ಹೊರಹೋಗುವ ಬ್ರೀದರ್ ಪೈಪ್ ಬಿಚ್ಚಿದರೆ ಒಳಗೆಲ್ಲ ಕರಿ ಕೆಸರು. ಪೆಟ್ರೋಲಿನಲ್ಲಿ ನೆನೆಸಿ ತೊಳೆದು, ಒಣಗಿಸಿ ಹಾಕಿದ ಮೇಲೆ ಹಾಳೆ ಬಾಯಿಗೆ ಅಂಟಿಕೊಂಡು ನಿಂತಿತು. ರಿಂಗ್ ಹಾಕಿದ್ದಕ್ಕಿಂತ ಈ ಕೆಲಸವೇ ಹೆಚ್ಚು ಅಂತ ನನ್ನ ಅಭಿಪ್ರಾಯ.

ಸೋರುವ ಜಾಗ ಹುಡುಕಲು ಆಗುತ್ತದೇನೋ ಅಂತ ನಡುವೆ ಅರಿಶಿನವನ್ನೂ ನೋಡಿದೆ. ಬಟ್ಟಲಿನಲ್ಲಿ ಆಯಿಲ್‌ಗೆ ಅರಿಶಿನ ಕಲಸಿ ನೋಟು ಪರೀಕ್ಷಿಸುವ ನೀಲಿ ಟಾರ್ಚ್ ಬಿಟ್ಟರೆ ಹಳದಿ ಹಸಿರಾಗಿ ಮಿನುಗುತ್ತದೆ. ಚೆನ್ನಾಗಿ ಕಾಣುತ್ತದೆ, ಆದರೆ ಪುಡಿ ಎಂಜಿನ್‌ಗೆ ಹೋಗಬಾರದು. ಅಲ್ಲಿಗೇ ಬಿಟ್ಟೆ.

ನನ್ನ ಕೈಯಲ್ಲಿ ಆದ ಖರ್ಚು ಡೀಸೆಲ್, ಪೌಡರ್, ಎಲ್ಲ ಓ ರಿಂಗ್ ಸೇರಿ ಐನೂರರ ಆಸುಪಾಸು. ಕ್ಲಚ್ ಪ್ಲೇಟ್ ಹಳೆಯದೇ, ಚೆನ್ನಾಗಿ ಕಚ್ಚುತ್ತಿದೆ. ಪುಲ್ಲಿ ಕಡೆಯ ಮುಂದಿನ ಕ್ರ್ಯಾಂಕ್ ಸೀಲ್ ಈಗ ಸ್ವಲ್ಪ ಬೆವರುತ್ತಿದೆ, ಹನಿ ಬಿದ್ದಿಲ್ಲ. ಟೈಮಿಂಗ್ ಬೆಲ್ಟ್ ಬದಲಾಯಿಸುವಾಗ ಅದನ್ನೂ ತೆಗೆಯುತ್ತೇನೆ. ಸೀಲ್ ಈಗಾಗಲೇ ತಂದಿಟ್ಟಿದ್ದೇನೆ.