ಹಳೇ ಮನೆಗೆ ಮೊದಲು ಸುಣ್ಣ, ಆಮೇಲೆ ಸೋಲಾರ್

ಹಳೇ ಮನೆ ಕೈಗೆ ಬಂದ ಕೂಡಲೇ ಈಗಿನ ಮಕ್ಕಳು ಸೋಲಾರ್ ಪ್ಯಾನೆಲ್ಲಿನ ಬೆಲೆ ವಿಚಾರಿಸುತ್ತಾರೆ. ಅತ್ತ ಗೋಡೆಯ ಬುಡದಲ್ಲಿ ಬಣ್ಣ ಹಪ್ಪಳದ ಹಾಗೆ ಎದ್ದಿರುತ್ತದೆ. ಅದರ ಮೇಲೆ ಸಿಮೆಂಟ್ ಬಳಿಸಿ, ಪ್ಲಾಸ್ಟಿಕ್ ಪೇಂಟ್ ಹೊಡೆಸಿ, ಮುಗೀತು ಅಂತ ಕೈ ತೊಳೆದುಕೊಳ್ಳುತ್ತಾರೆ. ಎರಡು ಮಳೆಗಾಲ ಕಳೆಯಲಿ, ಆಗ ನೋಡಿ.

ಸುಣ್ಣದ ಗಾರೆಯಲ್ಲೋ ಮಣ್ಣಿನಲ್ಲೋ ಕಟ್ಟಿದ ಗೋಡೆ ತೇವ ಕುಡಿಯುತ್ತದೆ, ಗಾಳಿಯಾಡಿದಾಗ ಬಿಟ್ಟುಕೊಡುತ್ತದೆ. ಸಿಮೆಂಟ್ ಬಳಿದರೆ ಆ ದಾರಿ ಮುಚ್ಚಿತು. ಒಳಗಿನ ನೀರು ಹೊರಬರಲು ಇನ್ನೂ ಮೇಲಕ್ಕೆ ಏರುತ್ತದೆ, ಜೊತೆಗೆ ತಂದ ಉಪ್ಪು ಗಿಲಾವಿನ ಹಿಂದೆ ಹರಳುಗಟ್ಟಿ ಅದನ್ನು ಹೊರಕ್ಕೆ ತಳ್ಳುತ್ತದೆ. ಒದ್ದೆ ಗೋಡೆ ಒಳಗಿನ ಬಿಸಿಯನ್ನೂ ಬೇಗ ಹೊರಗೆ ಬಿಡುತ್ತದೆ. ಚಳಿಗೆ ಹೀಟರ್ ಹಚ್ಚುವವರು ಕರೆಂಟ್ ಬಿಲ್ ಬಯ್ಯುವ ಮೊದಲು ಗೋಡೆ ಮುಟ್ಟಿ ನೋಡಬೇಕು.

ಆದ್ದರಿಂದ ಮೊದಲು ಹೊರಗೆ ಹೋಗಿ, ಮಳೆ ಸುರಿಯುವಾಗಲೇ ಹೋಗಿ. ಸೂರಿನ ದೋಣಿಯಲ್ಲಿ ಎಲೆ ಕಟ್ಟಿದೆಯೇ, ನೀರು ಇಳಿಯುವ ಪೈಪಿನ ಕೀಲು ಸೋರಿ ಗೋಡೆಗೆ ಹರಿಯುತ್ತಿದೆಯೇ, ಕಣ್ಣಾರೆ ಕಾಣುತ್ತದೆ. ಹೊರಗಿನ ಮಣ್ಣು ಒಳಗಿನ ನೆಲಕ್ಕಿಂತ ಒಂದು ಗೇಣಾದರೂ ಕೆಳಗಿರಬೇಕು. ವರ್ಷಾನುಗಟ್ಟಲೆ ಗಿಡದ ಬುಡಕ್ಕೆಂದು ಗೋಡೆಗೆ ಒತ್ತಿ ಮಣ್ಣು ಪೇರಿಸಿದ್ದರೆ ಕೆರೆದು ತೆಗೆಯಿರಿ. ಇದಕ್ಕೆ ಬೇಕಾದ್ದು ಒಂದು ಗುದ್ದಲಿ ಮತ್ತು ರಟ್ಟೆ, ದುಡ್ಡಲ್ಲ. ಆಮೇಲೆ ಸಿಮೆಂಟನ್ನು ಇಟ್ಟಿಗೆಗೆ ಏಟು ಬೀಳದಂತೆ ಕೆತ್ತಿಸಿ, ಸುಣ್ಣದ ಗಾರೆ ಹಾಕಿಸಿ, ಗೋಡೆ ಒಣಗಲು ತಿಂಗಳುಗಟ್ಟಲೆ ಬಿಡಿ. ಅವಸರದವರಿಗೆ ಹಳೇ ಮನೆ ಆಗಿಬರುವುದಿಲ್ಲ.

ಈಗ ಸುಣ್ಣ ಹೊಡೆಯುವುದು. ಹೊಡೆದ ಸುಣ್ಣ ಕೈಗೆ, ಬಟ್ಟೆಗೆ ಹತ್ತಿತು ಅಂದರೆ ತಪ್ಪು ಹೊಡೆದವರದು, ಸುಣ್ಣದ್ದಲ್ಲ. ಹಿಂದಿನವರು ಹಿತ್ತಲಲ್ಲಿ ಗುಂಡಿ ತೋಡಿ ತಿಂಗಳುಗಟ್ಟಲೆ ಸುಣ್ಣ ಕೊಳೆಹಾಕುತ್ತಿದ್ದರು. ನೀವು ಎರಡು ವಾರವಾದರೂ ಕಾಯಿರಿ. ಸುಟ್ಟ ಸುಣ್ಣವನ್ನು ನೀರಿನಲ್ಲಿ ಅರಳಿಸಲು ಕಬ್ಬಿಣದ ಡ್ರಮ್ ಬೇಕು. ಪ್ಲಾಸ್ಟಿಕ್ ಬಕೆಟ್ ಆ ಬಿಸಿಗೆ ಮೆತ್ತಗಾಗುತ್ತದೆ. ಮೊದಲು ನೀರು ಹಾಕಿ, ಅದಕ್ಕೆ ಸುಟ್ಟ ಸುಣ್ಣದ ಹೆಂಟೆಗಳನ್ನು ಒಂದೊಂದಾಗಿ ಬಿಡಿ. ಸುಣ್ಣದ ಮೇಲೆ ನೀರು ಸುರಿದೀರಿ ಜೋಕೆ, ಸಿಡಿದು ಕಣ್ಣಿಗೆ ಬಿದ್ದರೆ ದೃಷ್ಟಿಯೇ ಹೋದೀತು. ಕನ್ನಡಕ, ಕೈಗವಸು ಹಾಕಿಕೊಳ್ಳಿ, ಮಕ್ಕಳನ್ನು ದೂರ ಕಳಿಸಿ. ಕೊತಕೊತ ಕುದಿಯುವಾಗ ಕೋಲಿನಿಂದ ಕಲಕುತ್ತಿರಿ. ಹೊರಗೋಡೆಗಾದರೆ ಆ ಬಿಸಿಯಲ್ಲೇ ಒಂದಿಷ್ಟು ಅಗಸೆ ಎಣ್ಣೆ ಬಿಡಿ, ಮಳೆಗೆ ತಡೆಯುತ್ತದೆ. ಆರಿದ ಮೇಲೆ ಸುಣ್ಣದ ಮೇಲೆ ಎರಡು ಬೆರಳು ನೀರು ನಿಂತಿರುವಂತೆ ಮುಚ್ಚಿಡಿ. ಗಾಳಿ ತಗುಲಿದರೆ ಅಲ್ಲೇ ಗಟ್ಟಿಯಾಗಿ ಸತ್ತುಹೋಗುತ್ತದೆ.

ಹೊಡೆಯುವ ದಿನ ನೀರು ಸೇರಿಸಿ ಕದಡಿ, ಬಟ್ಟೆಯಲ್ಲಿ ಸೋಸಿ. ಹದ ಹೇಗೆ ಅಂದರೆ, ಗವಸು ಹಾಕಿದ ಬೆರಳು ಅದ್ದಿ ತೆಗೆದರೆ ಗವಸಿನ ಬಣ್ಣ ಕಾಣುತ್ತಿರಬೇಕು. ಬೆಳ್ಳಗೆ ಮುಚ್ಚಿಕೊಂಡರೆ ದಪ್ಪವಾಯಿತು, ಇನ್ನೂ ನೀರು ಹಾಕಿ. ಗೋಡೆಯ ಹಳೇ ಪೇಂಟ್ ಪೂರ್ತಿ ಕೆರೆದಿರಬೇಕು, ಅದರ ಮೇಲೆ ಸುಣ್ಣ ಹಿಡಿಯುವುದಿಲ್ಲ. ಒಣ ಗೋಡೆಗಂತೂ ಹೊಡೆಯಲೇಬೇಡಿ. ನೀರು ಚಿಮುಕಿಸಿ, ಮೈ ತಣ್ಣಗಾಗಿ ಹನಿ ಇಳಿಯುವುದು ನಿಂತ ಮೇಲೆ ಕುಂಚ ಹಚ್ಚಿ. ಹಚ್ಚಿದಾಗ ಏನೂ ಕಾಣುವುದಿಲ್ಲ, ಬರೀ ಒದ್ದೆ. ಅಲ್ಲೇ ಎಲ್ಲರೂ ಎಡವುವುದು. ಬೆಳ್ಳಗಾಗಲಿಲ್ಲ ಅಂತ ಮತ್ತೆ ಮತ್ತೆ ಬಳಿಯುತ್ತಾರೆ, ದಪ್ಪ ಪದರ ಬಿರಿದು ಉದುರುತ್ತದೆ. ಒಣಗುತ್ತಾ ಒಣಗುತ್ತಾ ಅದಾಗಿಯೇ ಬಿಳಿ ಏರುತ್ತದೆ. ದಿನಕ್ಕೊಂದೇ ಕೈ, ನಾಲ್ಕೈದು ಕೈ, ಪ್ರತಿ ಸಲವೂ ಮೊದಲು ಗೋಡೆ ನೆನೆಸಿ. ಸುಣ್ಣ ಗಟ್ಟಿಯಾಗುವುದು ಗಾಳಿಯ ಇಂಗಾಲದ ಡೈ ಆಕ್ಸೈಡ್ ಹೀರಿಕೊಂಡು, ಅದಕ್ಕೆ ತೇವವೂ ಸಮಯವೂ ಬೇಕು. ಸುಡುಬಿಸಿಲಿನಲ್ಲಿ ಹೊಡೆದರೆ ಪುಡಿಯಾಗಿ ಉಳಿಯುವುದು ಅದಕ್ಕೇ. ಉಳಿದ ಸುಣ್ಣ ತಾರಸಿಗೆ ಬಳಿಯಿರಿ, ಬಿಸಿಲು ವಾಪಸ್ಸಾಗಿ ಕೆಳಗಿನ ಕೋಣೆ ತಂಪಾಗುತ್ತದೆ.

ಇನ್ನೊಂದು ಮಾತು. ಬೀರುವನ್ನು ಗೋಡೆಗೆ ಒತ್ತಿ ಇಡಬೇಡಿ, ನಾಲ್ಕು ಬೆರಳು ಸಂದಿ ಬಿಡಿ. ಬಟ್ಟೆಯೂ ಅಷ್ಟೇ, ಅರೆಬರೆ ಒಣಗಿದ್ದನ್ನು ಮಡಿಸಿ ಒಳಗಿಟ್ಟು, ಬೂಸಲು ವಾಸನೆ ಹಳೇ ಮನೆಯದು ಅಂತ ದೂರಬೇಡಿ. ಹೊಲಿಗೆಯ ಅಂಚನ್ನು ಕೆನ್ನೆಗೆ ಒತ್ತಿ ನೋಡಿ, ತಣ್ಣಗಿದ್ದರೆ ಇನ್ನೂ ಒಣಗಿಲ್ಲ.

ಉಳಿದದ್ದು ಸುಲಭ. ಕಿಟಕಿ ಚೌಕಟ್ಟಿನ ಸುತ್ತ ಊದಿನಕಡ್ಡಿ ಹಿಡಿಯಿರಿ, ಹೊಗೆ ಓಲಾಡಿದಲ್ಲಿ ಸಂದಿ ಇದೆ, ಪಟ್ಟಿ ಅಂಟಿಸಿ. ಅಡುಗೆಮನೆಯ, ಒಲೆ ಉರಿಯುವ ಕೋಣೆಯ ಗಾಳಿಕಿಂಡಿ ಮಾತ್ರ ಮುಚ್ಚಕೂಡದು, ವಿಷಗಾಳಿ ಕಟ್ಟಿಕೊಂಡರೆ ಜೀವಕ್ಕೇ ಅಪಾಯ. ಸೆಕೆಂಡಿಗೊಂದು ಹನಿ ಬೀಳುವ ನಲ್ಲಿ ದಿನಕ್ಕೆ ಸುಮಾರು 20 ಲೀಟರ್ ಕಳೆಯುತ್ತದೆ, ವಾಷರ್ ಬದಲಿಸಲು ಹತ್ತು ನಿಮಿಷ ಸಾಕು. ಫ್ಲಶ್ ಟ್ಯಾಂಕಿಗೆ ಸ್ವಲ್ಪ ಬಣ್ಣ ಹಾಕಿ, ಅರ್ಧ ಗಂಟೆ ಯಾರೂ ಬಳಸದೆ ಬಿಡಿ. ಬಣ್ಣ ಕೆಳಗಿಳಿದಿದ್ದರೆ ಒಳಗಿನ ರಬ್ಬರ್ ಸವೆದಿದೆ. ಇಷ್ಟೆಲ್ಲ ಆದ ಮೇಲೆ ದುಡ್ಡು ಉಳಿದಿದ್ದರೆ ಸೋಲಾರ್‌ಗೆ ಹೋಗಿ. ಸೋರುವ ಮಾಡಿನ ಮೇಲೆ ಮಾತ್ರ ಅದನ್ನು ಕೂರಿಸಬೇಡಿ, ಆಮೇಲೆ ಹೆಂಚು ಬದಲಿಸಲು ಮತ್ತೆ ಎಲ್ಲ ಬಿಚ್ಚಬೇಕಾಗುತ್ತದೆ.